ಫೋಸ್ಟ್ಯಾಕ್ ಆನ್‌ಲೈನ್ ಟ್ರೈನಿಂಗ್: ನಮ್ಮ ಮೀನೂಟದ ಹೋಟೆಲಿಗೆ ಎಷ್ಟು ಉಪಯೋಗ ಆಯ್ತು

ಪರಿಚಯದ ಹೋಟೆಲಿನವ್ರು, ಕೇಟರಿಂಗ್‌ನವ್ರು ಸುಮಾರು ಜನ ನನ್ನ ಹತ್ರ ಕೇಳ್ತಾ ಇರ್ತಾರೆ, ಈ ಆನ್‌ಲೈನ್ ಫುಡ್ ಸೇಫ್ಟಿ ಟ್ರೈನಿಂಗ್ ಉಂಟಲ್ಲ ಫೋಸ್ಟ್ಯಾಕ್ ಅಂತ, ಅದು ಮಾಡಿದ್ರೆ ಎಂತಾದ್ರೂ ಪ್ರಯೋಜನ ಉಂಟಾ ಅಥವಾ ಗೋಡೆಗೆ ಹಾಕ್ಲಿಕ್ಕೆ ಒಂದು ಕಾಗದ ಮಾತ್ರವಾ ಅಂತ. ಒಬ್ಬೊಬ್ರಿಗೂ ಫೋನಲ್ಲಿ ಅರ್ಧ ಗಂಟೆ ಹೇಳುವ ಬದ್ಲು ಒಮ್ಮೆ ಕೂತು ಪೂರ್ತಿ ಬರೆದು ಬಿಡ್ತೇನೆ. ನಾವು ಎರಡು ಸಲ ಮಾಡಿಸಿದ್ದೇವೆ, ಎರಡೂ ಬೇರೆ ಬೇರೆ ಏಜೆನ್ಸಿಯವ್ರ ಹತ್ರ. ಒಂದು ಪೂರ್ತಿ ದಂಡ ಆಯ್ತು, ಇನ್ನೊಂದರಿಂದ ನಮ್ಮ ಅಡಿಗೆ ಕೋಣೆಯ ಅರ್ಧ ಅಭ್ಯಾಸ ಬದಲಾಯ್ತು.

ನಮ್ಮದು ಮಂಗಳೂರಲ್ಲಿ ಕಂಕನಾಡಿ ಕಡೆ ಒಂದು ಸಣ್ಣ ಮೀನೂಟದ ಹೋಟೆಲ್. ನಾನು, ನನ್ನ ಗಂಡ, ಅಡಿಗೆಗೆ ಇಬ್ರು ಅಕ್ಕಂದಿರು, ತವಾದಲ್ಲಿ ಒಬ್ಬ, ಸಪ್ಲಾಯ್‌ಗೆ ನಾಲ್ಕು ಜನ, ಪಾತ್ರೆ ತೊಳೀಲಿಕ್ಕೆ ಒಡಿಶಾದ ಇಬ್ರು ಹುಡುಗ್ರು. ಮಧ್ಯಾಹ್ನ ಕುಚ್ಚಲಕ್ಕಿ ಊಟ, ಬಂಗುಡೆ ಬೂತಾಯಿ ಪುಳಿಮುಂಚಿ, ತವಾ ಫ್ರೈ, ರವಾ ಫ್ರೈ, ಆದಿತ್ಯವಾರ ಆದ್ರೆ ಸಿಗಡಿ ಸುಕ್ಕ, ಮರುವಾಯಿ. ಸಂಜೆ ನೀರ್‌ದೋಸೆ, ಕೋಳಿ ಗಸಿ, ಕಬಾಬ್.

ಯಾಕೆ ಟ್ರೈನಿಂಗ್ ಹುಡುಕ್ಲಿಕ್ಕೆ ಹೊರಟದ್ದು ಅಂತ ಮೊದ್ಲು ಹೇಳ್ಬೇಕು. 2023ರ ಅಕ್ಟೋಬರ್, ಮಧ್ಯಾಹ್ನ ಒಂದೂವರೆ, ಒಳ್ಳೆ ರಶ್ಶು. ದಿನಾ ಬರುವ ಒಬ್ರು ಬ್ಯಾಂಕಿನವ್ರು ಬಂಗುಡೆ ಪುಳಿಮುಂಚಿಯಲ್ಲಿ ಊಟ ಮಾಡಿ ಹೋದವ್ರು ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದ್ರು, ಮುಖ ಕುತ್ತಿಗೆ ಎಲ್ಲ ಕೆಂಪು, ಮೈ ತುರಿಕೆ, ತಲೆ ಸಿಡೀತದೆ ಅಂತ. ಜಗಳಕ್ಕೆ ಬಂದದ್ದಲ್ಲ ಪಾಪ, "ಅಕ್ಕ, ಮೀನಲ್ಲಿ ಎಂತದೋ ಉಂಟು, ಬೇರೆಯವ್ರಿಗೆ ಬಡಿಸ್ಬೇಡಿ" ಅಂತ ಹೇಳ್ಲಿಕ್ಕೆ ಬಂದದ್ದು. ನನ್ನ ಗಂಡ ಸ್ಕೂಟರಲ್ಲಿ ಕೂರಿಸ್ಕೊಂಡು ಡಾಕ್ಟ್ರ ಹತ್ರ ಹೋದ್ರು, ಇಂಜೆಕ್ಷನ್ ಕೊಟ್ರು, ಸಂಜೆಗೆ ಆರಾಮ ಆಯ್ತು. ನಾವು ಮೀನಿನ ಅಲರ್ಜಿ ಇರ್ಬೇಕು ಅಂತ ಎಣಿಸಿದೆವು. ಆದ್ರೆ ಅವ್ರು ವರ್ಷಗಟ್ಟಲೆಯಿಂದ ನಮ್ಮಲ್ಲೇ ಬಂಗುಡೆ ತಿಂದವ್ರು, ಒಂದಿನ ಏನೂ ಆದದ್ದಿಲ್ಲ. ಮರುದಿನ ನೋಡಿದ್ರೆ ಇನ್ನೊಬ್ಬ ಕಾಲೇಜು ಹುಡುಗನಿಗೂ ಅದೇ ತರ ಆಗಿದೆ ಅಂತ ಗೊತ್ತಾಯ್ತು, ಅವನೂ ಬಂಗುಡೆಯೇ ತಿಂದದ್ದು. ಮೀನು ಹಾಳಾದ ವಾಸನೆ ಇರ್ಲಿಲ್ಲ, ಸಾರು ನಾನೇ ರುಚಿ ನೋಡಿದ್ದೆ. ಎಲ್ಲಿ ತಪ್ಪಿತು ಅಂತಲೇ ಗೊತ್ತಾಗದೆ ಆ ವಾರ ಇಡೀ ನಂಗೆ ಸರಿ ನಿದ್ದೆ ಬರ್ಲಿಲ್ಲ, ಬಡಿಸುವಾಗ ಪ್ರತಿ ತಟ್ಟೆ ನೋಡಿ ಹೆದರಿಕೆ.

ಆಗ ದುಬೈಲಿ ಕೆಫೆಟೇರಿಯಾದಲ್ಲಿ ಇರುವ ನಮ್ಮ ಭಾವ ಫೋನಲ್ಲಿ ಹೇಳಿದ್ದು, ಅಲ್ಲಿ ಪಿಐಸಿ, ಅಂದ್ರೆ ಪರ್ಸನ್ ಇನ್ ಚಾರ್ಜ್ ಅಂತ ಟ್ರೈನಿಂಗ್ ಆದ ಒಬ್ಬ ಜನ ಹೋಟೆಲಲ್ಲಿ ಇರ್ಲೇಬೇಕು, ಪರೀಕ್ಷೆ ಪಾಸಾಗ್ಬೇಕು, ಊರಲ್ಲೂ ಹಾಗಿದ್ದು ಎಂತಾದ್ರೂ ಇರ್ಬೇಕು ನೋಡಿ ಅಂತ. ನೋಡಿದ್ರೆ ನಮ್ಮಲ್ಲೂ ಉಂಟು. ಎಫ್‌ಎಸ್‌ಎಸ್‌ಎಐ, ಅಂದ್ರೆ ಹೋಟೆಲಿಗೆ ಲೈಸೆನ್ಸಿನ ನಿಯಮ ಮಾಡುವ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವ್ರು 2017ರಲ್ಲೇ ಶುರು ಮಾಡಿದ ಫೋಸ್ಟ್ಯಾಕ್. ಆಹಾರದ ಕೆಲಸ ಮಾಡುವ ಪ್ರತಿ 25 ಜನಕ್ಕೆ ಟ್ರೈನಿಂಗ್ ಆದ ಒಬ್ಬ ಫುಡ್ ಸೇಫ್ಟಿ ಸೂಪರ್‌ವೈಸರ್ ಇರ್ಬೇಕು ಅಂತ ಲೆಕ್ಕ. ಬೇಸಿಕ್ ಕೋರ್ಸು 4 ಗಂಟೆ, ಅಡ್ವಾನ್ಸ್ಡ್ 8 ಗಂಟೆ. ಕೇಟರಿಂಗ್‌ಗೆ ಬೇರೆ, ಹಾಲಿನವ್ರಿಗೆ ಬೇರೆ, ಬೀದಿ ಬದಿ ಗಾಡಿಯವ್ರಿಗೆ ಬೇರೆ. ಕ್ಲಾಸು ಮಾಡುದು ಅವ್ರು ಮಾನ್ಯತೆ ಕೊಟ್ಟ ಟ್ರೈನಿಂಗ್ ಪಾರ್ಟ್‌ನರ್‌ಗಳು, ಎದುರಲ್ಲಿ ಕೂರಿಸಿಯೂ ಮಾಡ್ತಾರೆ, ವಿಡಿಯೋ ಕಾಲ್‌ನಲ್ಲೂ ಮಾಡ್ತಾರೆ. ಸರ್ಟಿಫಿಕೇಟ್ 2 ವರ್ಷಕ್ಕೆ. ನಮ್ಮ ಲೈಸೆನ್ಸಿನ ಹಾಳೆ ಗೋಡೆಯಲ್ಲಿ 14 ಅಂಕೆಯ ನಂಬರ್ ಸಮೇತ ನೇತಾಡ್ತಾ ಇತ್ತು, ಅದರ ಜೊತೆ ಬರುವ ಶೆಡ್ಯೂಲ್ 4 ಅಂದ್ರೆ ಶುಚಿತ್ವದ ನಿಯಮಗಳು ಅಂತ ಅಷ್ಟು ವರ್ಷ ಹೋಟೆಲ್ ನಡೆಸಿಯೂ ನಾನು ಓದಿರ್ಲಿಲ್ಲ, ನಿಜ ಹೇಳ್ತೇನೆ.

ಇಲ್ಲೊಂದು ಎಚ್ಚರಿಕೆ. ನಾನು ಒಂದೆರಡು ಕಡೆ ನಂಬರ್ ಕೊಟ್ಟು ವಿಚಾರಿಸಿದ್ದೇ ತಡ, ಒಬ್ಬ ಏಜೆಂಟ್ ಫೋನ್ ಮಾಡಿ "ಮೇಡಂ ನೀವು ಕ್ಲಾಸಿಗೆ ಕೂರುದೆಂತ ಬೇಡ, ಹೆಸರು ಫೋಟೋ ಕಳಿಸಿ, ನಾಳೆ ಸರ್ಟಿಫಿಕೇಟ್ ವಾಟ್ಸಾಪಿಗೆ ಬರ್ತದೆ" ಅಂದ. ಬೇಡ ಅಂದ್ರೆ ಲೈಸೆನ್ಸ್ ಕ್ಯಾನ್ಸಲ್ ಆಗ್ತದೆ ಅಂತ ಹೆದರಿಸಿದ. ದಯವಿಟ್ಟು ಇಂಥವ್ರಿಗೆ ಒಂದು ರೂಪಾಯಿ ಕೊಡ್ಬೇಡಿ. ಮೈ ತುರಿಸ್ಕೊಂಡು ಬಂದ ಗಿರಾಕಿಗೆ ಆ ಕಾಗದ ತೋರಿಸಿ ಎಂತ ಮಾಡ್ಲಿಕ್ಕುಂಟು?

ಮೊದಲನೇ ಕ್ಲಾಸು 2024ರ ಜನವರಿಯಲ್ಲಿ. ಹೊರ ರಾಜ್ಯದ ಒಂದು ಏಜೆನ್ಸಿ, ತಲೆಗೆ 600 ರೂಪಾಯಿ ಮೇಲೆ ಜಿಎಸ್‌ಟಿ. ನಾನು, ನನ್ನ ಗಂಡ, ತವಾದವ, ದೊಡ್ಡ ಅಡಿಗೆ ಅಕ್ಕ, ನಾಲ್ಕು ಜನ ಕೂತದ್ದು. ಕನ್ನಡದಲ್ಲಿ ಉಂಟಾ ಅಂತ ಮೊದ್ಲೇ ಕೇಳಿದ್ದೆ, ಉಂಟು ಉಂಟು ಅಂದಿದ್ರು. ಶುರು ಆದ್ಮೇಲೆ ನೋಡಿದ್ರೆ ಅರ್ಧ ಹಿಂದಿ ಅರ್ಧ ಇಂಗ್ಲಿಷು, ಸ್ಲೈಡು ಪೂರ್ತಿ ಇಂಗ್ಲಿಷು, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ. ಎಂಬತ್ತು ತೊಂಬತ್ತು ಜನ ಒಂದೇ ಕಾಲ್‌ನಲ್ಲಿ, ಯಾರದ್ದೋ ಮೈಕ್ ಆನ್ ಇದ್ದು ಕುಕ್ಕರ್ ಸೀಟಿ ಕೇಳ್ತಾ ಇತ್ತು. ಸರ್ ಓದ್ತಾ ಹೋದ್ರು, ಮೈಕ್ರೋಬಯಾಲಜಿಕಲ್ ಹಜಾರ್ಡ್, ಕೆಮಿಕಲ್ ಹಜಾರ್ಡ್, ಫಿಸಿಕಲ್ ಹಜಾರ್ಡ್, ನೆಕ್ಸ್ಟ್ ಸ್ಲೈಡ್. ನಮ್ಮ ಅಕ್ಕನಿಗೆ ತುಳು, ಕನ್ನಡ, ಸ್ವಲ್ಪ ಕೊಂಕಣಿ ಬರ್ತದೆ, ಹಿಂದಿ ಬರುದಿಲ್ಲ. ಒಂದು ಗಂಟೆ ಸುಮ್ಮನೆ ಕೈ ಕಟ್ಟಿ ಕೂತ್ರು, ಆಮೇಲೆ ಮೆಲ್ಲ ಎದ್ದು "ಮಗಾ, ನಂಗೆ ಎಂತದೂ ಗೊತ್ತಾಗುದಿಲ್ಲ, ಅಕ್ಕಿ ನೆನೆ ಹಾಕ್ಲಿಕ್ಕುಂಟು ನಾನು ಹೋಗ್ತೇನೆ" ಅಂದ್ರು. ಮೂವತ್ತು ವರ್ಷ ಒಲೆ ಎದುರು ನಿಂತ ಹೆಂಗಸು, ನಮ್ಮ ಹೋಟೆಲಲ್ಲಿ ಒಂದು ಪಾತ್ರೆ ಕೆಡುದು ಬಿಡುದು ಅವ್ರ ಕೈಯಲ್ಲಿ ಇರುದು. ಅವ್ರಿಗೇ ಗೊತ್ತಾಗದ ಕ್ಲಾಸು ಯಾರಿಗೆ? ಬೇಸರ ಆಯ್ತು ನಂಗೆ.

ನಾನು ಚಾಟಲ್ಲಿ ಕೇಳಿದೆ, ಬಂಗುಡೆ ತಿಂದು ಮೈ ಕೆಂಪಾಗಿ ತುರಿಕೆ ಬಂದ್ರೆ ಎಂತ ಕಾರಣ ಅಂತ. ಉತ್ತರ ಬರ್ಲಿಲ್ಲ. ಇನ್ನೊಮ್ಮೆ ಹಾಕಿದೆ, "ಪ್ರಶ್ನೆ ಕೊನೆಗೆ" ಅಂದ್ರು, ಕೊನೆಗೆ ಟೈಮ್ ಇರ್ಲಿಲ್ಲ. ಪರೀಕ್ಷೆಗೆ ಉತ್ತರ ಅವ್ರೇ ಹೇಳಿ ಕೊಟ್ರು, ಬಿ, ಸಿ, ಸಿ, ಎ ಅಂತ. ಎದ್ದು ಹೋದ ಅಕ್ಕನ ಹೆಸರಲ್ಲೂ ಸರ್ಟಿಫಿಕೇಟ್ ಬಂತು. ನಾಲ್ಕು ಕಾಗದ ಸಿಕ್ಕಿತು, ನನ್ನ ಪ್ರಶ್ನೆ ಹಾಗೇ ಉಳೀತು. ಮೀನು ಮೊದಲಿನ ಹಾಗೇ ಬರ್ತಾ ಇತ್ತು, ಸಾರು ಮೊದಲಿನ ಹಾಗೇ ಕೌಂಟರಲ್ಲಿ ಇರ್ತಾ ಇತ್ತು.

ಎರಡನೇದ್ದು ಜುಲೈಯಲ್ಲಿ. ಜೂನ್ 1ರಿಂದ ಜುಲೈ 31, 61 ದಿನ ಮಳೆಗಾಲದ ಮೀನುಗಾರಿಕೆ ನಿಷೇಧ, ಯಂತ್ರದ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಕಡಿಮೆ, ಮಳೆ, ಗಿರಾಕಿಯೂ ಕಡಿಮೆ. ಹೋಟೆಲಿನವ್ರು ಟ್ರೈನಿಂಗ್ ಮಾಡಿಸುದಾದ್ರೆ ಇದೇ ಟೈಮ್ ಸಮ. ಉಡುಪಿಯಲ್ಲಿ ಕೇಟರಿಂಗ್ ಮಾಡುವ ನನ್ನ ಗೆಳತಿ ಒಬ್ರು ಟ್ರೈನರ್ ಹೆಸರು ಕೊಟ್ಲು, ಕನ್ನಡದಲ್ಲೇ ಹೇಳ್ತಾರೆ, 20-25 ಜನರ ಮೇಲೆ ತಗೊಳ್ಳುದಿಲ್ಲ ಅಂತ. ಫೀಸು ಹೆಚ್ಚು ಕಡಿಮೆ ಅಷ್ಟೇ. ಈ ಸಲ ಫೋನಲ್ಲಿ ನೋಡಿದ್ದಲ್ಲ, ಹೋಟೆಲ್ ಮಧ್ಯಾಹ್ನದ ಮೇಲೆ ಬಂದ್ ಮಾಡಿ, ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಇಬ್ರು ಅಕ್ಕಂದಿರು, ತವಾದವ, ಸಪ್ಲಾಯ್‌ನವ್ರು ಎಲ್ಲ ಬೆಂಚಲ್ಲಿ ಕೂತ್ರು. ಹೊರಗೆ ಧೋ ಅಂತ ಮಳೆ, ಎರಡು ಸಲ ಕರೆಂಟ್ ಹೋಯ್ತು, ಮೊಬೈಲ್ ನೆಟ್‌ನಲ್ಲಿ ಮುಂದುವರಿಸಿದೆವು.

ಮೇಡಂ ಶುರು ಮಾಡಿದ್ದೇ ಸ್ಲೈಡಿಂದ ಅಲ್ಲ, "ನಿಮ್ಮಲ್ಲಿ ಎಂತ ಮಾಡ್ತೀರಿ, ಬೆಳಿಗ್ಗೆಯಿಂದ ಹೇಳಿ" ಅಂತ ಕೇಳಿದ್ದರಿಂದ. ನಾನು ಬಂಗುಡೆ ಕತೆ ಹೇಳಿದೆ. ಅವ್ರು ನಿಲ್ಲಿಸಿ, ಆ ದಿನ ಮೀನು ದಕ್ಕೆಯಿಂದ, ಅಂದ್ರೆ ಬೋಟು ಬಂದು ನಿಲ್ಲುವಲ್ಲಿಂದ ಎಷ್ಟು ಗಂಟೆಗೆ ಬಂದದ್ದು, ಎಷ್ಟು ಐಸ್ ಇತ್ತು, ಬಂದ್ಮೇಲೆ ಎಷ್ಟು ಹೊತ್ತು ಹೊರಗೆ ಇತ್ತು ಅಂತ ಒಂದೊಂದೇ ಕೇಳಿದ್ರು. ಹೇಳ್ತಾ ಹೇಳ್ತಾ ನಂಗೇ ನೆನಪಾಯ್ತು, ಆ ದಿನ ರಿಕ್ಷಾದವ ಮಧ್ಯದಲ್ಲಿ ಇನ್ನೊಂದು ಟ್ರಿಪ್ ಮಾಡಿ ಬಂದದ್ದು, ಕ್ರೇಟಿನ ಮೇಲೆ ಮಾತ್ರ ಒಂದು ಹಿಡಿ ಐಸು, ಅಡಿಯ ಮೀನು ಬೆಚ್ಚಗೆ, ಕ್ಲೀನ್ ಮಾಡುವ ಹುಡುಗ ಬರುವವರೆಗೆ ಬಾವಿಕಟ್ಟೆ ಹತ್ರ ಬಿಸಿಲಿಗೆ ಇಟ್ಟದ್ದು. ಎಲ್ಲ ಸೇರಿದ್ರೆ ನಾಲ್ಕು ಗಂಟೆ ಮೇಲೆ.

ಆಗ ಅವ್ರು ಹೇಳಿದ್ದು ಹಿಸ್ಟಮಿನ್ ವಿಷಯ. ಬಂಗುಡೆ, ಬೂತಾಯಿ, ಕೇದರ ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅಂತ ಒಂದು ಅಂಶ ಜಾಸ್ತಿ ಇರ್ತದೆ, ಮೀನು ಬೆಚ್ಚಗೆ ಉಳಿದ್ರೆ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಮಾಡ್ತವೆ. ಒಮ್ಮೆ ಆಯ್ತು ಅಂದ್ರೆ ಆಯ್ತು, ಕೊತ ಕೊತ ಕುದಿಸಿದ್ರೂ ಹೋಗುದಿಲ್ಲ, ತವಾದಲ್ಲಿ ಕರಿದ್ರೂ ಹೋಗುದಿಲ್ಲ, ಫ್ರೀಜರಿಗೆ ಹಾಕಿದ್ರೂ ಹೋಗುದಿಲ್ಲ. ವಾಸನೆ ಬರ್ಬೇಕು ಅಂತಲೂ ಇಲ್ಲ. ತಿಂದು ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪು, ತುರಿಕೆ, ತಲೆನೋವು, ನೋಡ್ಲಿಕ್ಕೆ ಅಲರ್ಜಿಯ ಹಾಗೇ. ಅದಕ್ಕೆ ಇರುವ ದಾರಿ ಒಂದೇ, ಬಲೆಯಿಂದ ಬಾಣಲೆವರೆಗೆ ಐಸ್ ತಪ್ಪಬಾರದು.

ನಮ್ಮ ದೊಡ್ಡಕ್ಕ ಅದನ್ನ ಕೇಳಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಹಾಗಾದ್ರೆ ಚೆನ್ನಾಗಿ ಕುದಿಸಿದ್ದೇನಲ್ಲ ಅಂತ ನಾನು ಎಣಿಸಿದ್ದು ತಪ್ಪಾ ಅಮ್ಮ" ಅಂತ ಟಿವಿಯನ್ನೇ ನೋಡಿ ಕೇಳಿದ್ರು. ಮೇಡಂ "ನೀವು ಕುದಿಸಿದ್ದು ಸಮ, ನಿಮ್ಮ ಕೈಗೆ ಬರುವ ಮೊದ್ಲೇ ಕೆಟ್ಟಿತ್ತು" ಅಂದ್ರು. ಆ ಒಂದು ಮಾತಿಗೇ ನಂಗೆ ಇಡೀ ಫೀಸು ವಸೂಲಾಯ್ತು. ಯಾಕಂದ್ರೆ ಅಕ್ಟೋಬರಿಂದ ಅಕ್ಕ ಒಳಗೊಳಗೇ ತನ್ನ ಮೇಲೆ ಹೊತ್ಕೊಂಡಿದ್ರು, ಯಾರ ಹತ್ರವೂ ಹೇಳಿರ್ಲಿಲ್ಲ.

ಮರುವಾರವೇ ರಿಕ್ಷಾದವನಿಗೆ ಹೇಳಿ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ಕೊಟ್ಟೆವು, ಅಡಿಗೆ ಒಂದು ಪದರ ಐಸ್, ಮೀನು, ಮತ್ತೆ ಐಸ್, ಹೀಗೆ. ಐಸಿಗೆ ದಿನಕ್ಕೆ ಹೆಚ್ಚು ಖರ್ಚು ಬೀಳ್ತದೆ, ಬೀಳ್ಲಿ. ಬಂದ ಕೂಡ್ಲೆ ನಾನು ನಡುವಿನ ಮೀನಿಗೆ ಥರ್ಮಾಮೀಟರ್ ಚುಚ್ಚಿ ನೋಡ್ತೇನೆ, ಬೆಚ್ಚಗಿದ್ರೆ ವಾಪಸ್. ಮೊದ್ಲು ರಿಕ್ಷಾದವನಿಗೂ ಮೀನಿನವ್ರಿಗೂ ಸಿಟ್ಟು ಬಂತು, ಈಗ ಅವ್ರೇ ಐಸ್ ಹೆಚ್ಚು ಹಾಕಿ ಕೊಡ್ತಾರೆ.

ಥರ್ಮಾಮೀಟರ್ ಅಂದೆನಲ್ಲ, ಅದು ಚುಚ್ಚುವ ಕಡ್ಡಿ ಇರುವ ಸಣ್ಣದು, ನಾನು 500 ರೂಪಾಯಿ ಒಳಗೆ ತಗೊಂಡದ್ದು. ಕ್ಲಾಸಲ್ಲಿ ಅದನ್ನ ಪರೀಕ್ಷೆ ಮಾಡುದು ಹೇಗೆ ಅಂತಲೂ ಹೇಳಿ ಕೊಟ್ರು, ಐಸ್ ಪುಡಿ ಮಾಡಿ ನೀರು ಹಾಕಿದ ಲೋಟದಲ್ಲಿ ಇಟ್ರೆ 0 ತೋರಿಸ್ಬೇಕು, ಕುದಿಯುವ ನೀರಲ್ಲಿ 100, ನಮ್ಮದು ಕಡಲ ಬದಿ ಊರಲ್ವಾ ಹಾಗಾಗಿ 100ರ ಹತ್ತಿರವೇ ಬರ್ಬೇಕು. ಮರುದಿನ ಮಧ್ಯಾಹ್ನ ನಾನು ಎಲ್ಲ ಪಾತ್ರೆಗೂ ಚುಚ್ಚಿ ನೋಡಿದೆ. ಹನ್ನೊಂದೂವರೆಗೆ ಕುದಿದು ಇಳಿಸಿದ ಮೀನು ಸಾರು ಕೌಂಟರಲ್ಲಿ ಮುಚ್ಚಿ ಇಟ್ಟದ್ದು, ಮುಚ್ಚಳ ತೆಗೆದ್ರೆ ಹಬೆ ಬರ್ತಾ ಉಂಟು, ನೋಡ್ಲಿಕ್ಕೆ ಬಿಸಿಯೇ. ಕಡ್ಡಿ ನಡುವಿಗೆ ಇಳಿಸಿ ಹಿಡಿದೆ, ಅಂಕೆ ಏರ್ತಾ ಏರ್ತಾ 48ಕ್ಕೆ ನಿಂತಿತು. ಆಗ ಗಡಿಯಾರದಲ್ಲಿ ಎರಡೂ ಮುಕ್ಕಾಲು. ಬ್ಯಾಕ್ಟೀರಿಯಾ ಬೇಗ ಬೆಳೆಯುವ ಅಪಾಯದ ವಲಯ ಅಂದ್ರೆ 5ರಿಂದ 60 ಡಿಗ್ರಿ, ಬಿಸಿ ಇಡುವ ಸಸ್ಯಾಹಾರ 65ರ ಮೇಲೆ, ಮಾಂಸ ಮೀನು 70ರಲ್ಲಿ ಇರ್ಬೇಕು ಅಂತ ಎಫ್‌ಎಸ್‌ಎಸ್‌ಎಐಯವ್ರ ಕೇಟರಿಂಗಿನ ಚೆಕ್‌ಲಿಸ್ಟಲ್ಲಿ ಉಂಟು. ಅಂದ್ರೆ ನಾವು ವರ್ಷಗಟ್ಟಲೆ ಊಟದ ಕೊನೇ ಪಂಕ್ತಿಗೆ ಬಡಿಸಿದ್ದು ಎಲ್ಲ ಆ ವಲಯದ ಒಳಗಿನದ್ದು. ಈಗ ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಇಡುದಿಲ್ಲ, ಅರ್ಧ ಒಲೆ ಮೇಲೆ ಸಣ್ಣ ಉರಿಯಲ್ಲಿ ಇರ್ತದೆ, ಬೇಕಾದಷ್ಟು ಕೌಂಟರಿಗೆ.

ಇನ್ನೊಂದು ನಮ್ಮ ಹಳೇ ಅಭ್ಯಾಸ, ಕೋಳಿ ಗಸಿ ತಣ್ಣಗಾದ್ರೆ ಒಂದು ಸೌಟು ಕುದಿಯುವ ನೀರು ಹಾಕಿ ಕಲಸಿ ಬಡಿಸುದು. ಗಿರಾಕಿಗೆ ಬಿಸಿ ಅನ್ನಿಸ್ತದೆ, ಗಸಿಯ ಒಳಗೆ ಎಂತ ಬಿಸಿ ಆಗುದಿಲ್ಲ. ಇದು ಮಾಡ್ಬಾರದು ಅಂತ ನಿಯಮದಲ್ಲಿ ಸ್ಪಷ್ಟ ಉಂಟು ಮಾರ್ರೆ, ಪುನಃ ಬಿಸಿ ಮಾಡುದಾದ್ರೆ ನಡುವೆ 75 ಡಿಗ್ರಿ ಬರ್ಬೇಕು, ಕನಿಷ್ಠ 2 ನಿಮಿಷ ಅಲ್ಲೇ ಇರ್ಬೇಕು. ತವಾದವನಿಗೆ ಇದು ಹಿಡಿಸ್ಲಿಲ್ಲ, ರಶ್ಶಲ್ಲಿ ಯಾರು ಮಾಡ್ತಾರೆ ಅಂತ. ಈಗ ಪೂರ್ತಿ ಪಾತ್ರೆ ಅಲ್ಲ, ಎರಡು ಮೂರು ಪ್ಲೇಟಿನಷ್ಟೇ ಸಣ್ಣ ಬಾಣಲೆಯಲ್ಲಿ ಕುದಿಸ್ತಾನೆ, ಅದೇ ಬೇಗ ಆಗ್ತದೆ ಅಂತ ಈಗ ಅವನೇ ಹೇಳ್ತಾನೆ.

ಅನ್ನದ ವಿಷಯ ಬಂದಾಗ ಎಲ್ಲರೂ ಒಟ್ಟಿಗೆ ಮಾತಾಡ್ಲಿಕ್ಕೆ ಶುರು ಮಾಡಿದ್ರು, ಯಾಕಂದ್ರೆ ನಮ್ಮ ಊರಲ್ಲಿ ನಿನ್ನೆಯ ಗಂಜಿ ಬೆಳಿಗ್ಗೆ ಉಪ್ಪಿನಕಾಯಿ ಹಾಕಿ ಉಣ್ಣದವ್ರು ಯಾರು? ಮೇಡಂ ಅದನ್ನ ತಮಾಷೆ ಮಾಡ್ಲಿಲ್ಲ, ಮನೆಯಲ್ಲಿ ನಾಲ್ಕು ಜನಕ್ಕೆ ಸಣ್ಣ ಪಾತ್ರೆಯಲ್ಲಿ ಮಾಡುದು ಬೇರೆ, ಹೋಟೆಲಲ್ಲಿ ಹತ್ತು ಕಿಲೋ ಅನ್ನ ಒಂದೇ ಕೊಪ್ಪರಿಗೆಯಲ್ಲಿ ಇರುದು ಬೇರೆ ಅಂದ್ರು. ಬ್ಯಾಸಿಲಸ್ ಸಿರಿಯಸ್ ಅಂತ ಒಂದು ಬ್ಯಾಕ್ಟೀರಿಯಾ, ಅದರ ಬೀಜದ ಹಾಗಿರುವ ಸ್ಪೋರ್ ಅಕ್ಕಿಯಲ್ಲೇ ಇರ್ತದೆ, ಅನ್ನ ಬೆಂದ್ರೂ ಸಾಯುದಿಲ್ಲ, ಅನ್ನ ಮೆಲ್ಲ ತಣಿತಾ ಇರುವಾಗ ಮೊಳೆತು ವಿಷ ಬಿಡ್ತದೆ, ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗುದಿಲ್ಲ. ಕೊಪ್ಪರಿಗೆಯ ನಡುವಿನ ಅನ್ನ ರಾತ್ರಿ ಹತ್ತಕ್ಕೂ ಬೆಚ್ಚಗೇ ಇರುದು ನಾವೆಲ್ಲ ಕೈ ಹಾಕಿ ನೋಡಿದವ್ರು.

ನಿಯಮ ಎಂತ ಹೇಳ್ತದೆ ಅಂದ್ರೆ 60ರಿಂದ 21 ಡಿಗ್ರಿಗೆ 2 ಗಂಟೆಯಲ್ಲಿ ಇಳೀಬೇಕು, ಅಲ್ಲಿಂದ 5ಕ್ಕೆ ಇನ್ನು 2 ಗಂಟೆಯಲ್ಲಿ. ಇಲ್ಲಿ ನಂಗೆ ಒಂದು ತಕರಾರು ಉಂಟು. ನಮ್ಮ ಅಡಿಗೆ ಕೋಣೆ ಏಪ್ರಿಲಲ್ಲಿ 35ರ ಮೇಲೆ ಇರ್ತದೆ, ಮಳೆಗಾಲದಲ್ಲೂ 27-28. ಸುಮ್ಮನೆ ಇಟ್ರೆ 21ಕ್ಕೆ ಅದು ಇಳಿಯುದೇ ಇಲ್ಲ, ಎಷ್ಟು ದಿನ ಇಟ್ರೂ. ಮೊದಲನೇ ಕ್ಲಾಸಲ್ಲಿ ಈ ಅಂಕೆ ಓದಿ ಮುಂದೆ ಹೋದ್ರು, ಅಷ್ಟೇ. ಎರಡನೇ ಕ್ಲಾಸಲ್ಲಿ ಮೇಡಂ ದಾರಿ ಹೇಳಿದ್ರು, ಅಗಲದ ತಟ್ಟೆಯಲ್ಲಿ ಎರಡು ಇಂಚಿಗಿಂತ ದಪ್ಪ ಆಗದ ಹಾಗೆ ಹರಡಿ, ಅಡಿಗೆ ಐಸ್ ನೀರಿನ ಟ್ರೇ ಇಡಿ, ಫ್ಯಾನ್ ಹಾಕಿ, ಆಮೇಲೆ ಫ್ರಿಜ್ಜಿಗೆ. ನಾವು ಅದಕ್ಕಿಂತ ಸುಲಭದ್ದು ಮಾಡಿದೆವು, ಅನ್ನ ಎರಡು ಸಲ ಇಡ್ತೇವೆ, ಹನ್ನೊಂದಕ್ಕೆ ಒಮ್ಮೆ, ಒಂದೂವರೆಗೆ ಇನ್ನೊಮ್ಮೆ ಚೂರು. ಉಳಿಯುದೇ ಇಲ್ಲ.

ಫ್ರೋಜನ್ ಮೀನು ಕರಗಿಸುದರಲ್ಲೂ ಇದೇ ಪಂಚಾತಿಕೆ. ಬೋಟು ಬಂದ್ ಇರುವಾಗ ನಮಗೆ ಸಿಗಡಿ, ಅಂಜಲ್ ಫ್ರೋಜನ್ನೇ ಬರುದು, ಬಕೆಟಲ್ಲಿ ನೀರು ಹಾಕಿ ಬೆಳಿಗ್ಗೆ ಇಟ್ರೆ ಹತ್ತು ಗಂಟೆಗೆ ಬಿಡ್ತದೆ, ಅದು ನಮ್ಮ ಕ್ರಮ. ನಿಯಮದಲ್ಲಿ ಮೀನು ಮಾಂಸ ಫ್ರಿಜ್ಜಲ್ಲಿ 5 ಡಿಗ್ರಿ ಒಳಗೆ ಕರಗಿಸ್ಬೇಕು, ಸಿಗಡಿ ಚಿಪ್ಪಿಯಂಥದ್ದನ್ನ 15 ಡಿಗ್ರಿಗಿಂತ ತಂಪಾದ ಹರಿಯುವ ಕುಡಿಯುವ ನೀರಲ್ಲಿ, 90 ನಿಮಿಷದ ಒಳಗೆ. ನಾನು ನಮ್ಮ ನಳ್ಳಿ ನೀರಿಗೆ ಕಡ್ಡಿ ಹಿಡಿದೆ, 27. ಮಂಗಳೂರಲ್ಲಿ 15 ಡಿಗ್ರಿ ನೀರು ನಳ್ಳಿಯಲ್ಲಿ ಎಲ್ಲಿಂದ ಬರ್ಬೇಕು? ಮೇಡಂಗೂ ಇದು ಗೊತ್ತಿತ್ತು, ಹಿಂದಿನ ರಾತ್ರಿಯೇ ಫ್ರಿಜ್ಜಿನ ಅಡಿ ತಟ್ಟೆಗೆ ಇಳಿಸಿಡಿ, ನಾಳೆ ಎಷ್ಟು ಬೇಕು ಅಂತ ಇವತ್ತೇ ಲೆಕ್ಕ ಹಾಕ್ಲಿಕ್ಕೆ ಕಲೀರಿ ಅಂದ್ರು. ಮೊದ್ಲು ಕಷ್ಟ ಆಯ್ತು, ಈಗ ರಾತ್ರಿ ಶಟರ್ ಎಳೆಯುವ ಮೊದ್ಲು ಸಣ್ಣ ಅಕ್ಕ ಅದೊಂದು ಕೆಲಸ ಮಾಡಿಯೇ ಹೋಗುದು. ಒಮ್ಮೆ ಕರಗಿಸಿದ್ದನ್ನ ಮತ್ತೆ ಫ್ರೀಜರಿಗೆ ಹಾಕುವ ಹಾಗೂ ಇಲ್ಲ, ಹಾಗಾಗಿ ಲೆಕ್ಕ ತಪ್ಪಿದ್ರೆ ನಷ್ಟ ನಮಗೇ, ಅದರಿಂದಲೇ ಲೆಕ್ಕವೂ ಸಮ ಆಯ್ತು.

ಬಾಕಿದ್ದು ಹೆಚ್ಚಿನವ್ರಿಗೆ ಗೊತ್ತಿರುದೇ. ಕೈಯಲ್ಲಿ ಗಾಯ ಇದ್ದವ ಮಸಾಲೆ ಹಚ್ಚಬಾರದು, ಗ್ಲೌಸ್ ಹಾಕಿ ಅದೇ ಕೈಯಲ್ಲಿ ದುಡ್ಡು ಮುಟ್ಟಬಾರದು, ಹಸಿ ಮೀನಿಗೆ ನೀಲಿ ಹಲಗೆ ತರಕಾರಿಗೆ ಹಸಿರು, ಸಲಾಡಿನ ತರಕಾರಿ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ನೀರಲ್ಲಿ ತೊಳೆಯುದು, ನ್ಯೂಸ್‌ಪೇಪರಲ್ಲಿ ಗೋಳಿಬಜೆ ಕಟ್ಟಿ ಕೊಡಬಾರದು, ಕೆಲಸದವ್ರಿಗೆ ವರ್ಷಕ್ಕೊಮ್ಮೆ ಮೆಡಿಕಲ್ ಚೆಕಪ್ಪು. ಎಣ್ಣೆಯದ್ದು ಮಾತ್ರ ನಂಗೆ ಹೊಸತು, ಕಾಯಿಸಿ ಕಾಯಿಸಿ ಎಣ್ಣೆ ಕೆಡುವಾಗ ಹುಟ್ಟುವ ಟೋಟಲ್ ಪೋಲಾರ್ ಕಾಂಪೌಂಡ್ ಅಂತ ಅಂಶ 25 ಪರ್ಸೆಂಟ್ ದಾಟಿದ್ರೆ ಆ ಎಣ್ಣೆ ಬಳಸುವ ಹಾಗಿಲ್ಲ ಅಂತ 2018ರ ಜುಲೈಯಿಂದಲೇ ನಿಯಮ ಉಂಟಂತೆ. ನಮ್ಮಲ್ಲಿ ನಿನ್ನೆಯ ಎಣ್ಣೆಗೆ ಇವತ್ತಿನದ್ದು ಸೇರಿಸುದು ಇತ್ತು, ನಿಲ್ಲಿಸಿದೆವು.

ಮೇಡಂ ಕಲರ್ ವಿಷಯವೂ ಹೇಳಿದ್ರು, ಆಗ ತಾನೇ ಆದ ಆದೇಶ. 2024ರ ಮಾರ್ಚಲ್ಲಿ ಕರ್ನಾಟಕದಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ (ಕಾಟನ್ ಕ್ಯಾಂಡಿ) ಕೃತಕ ಬಣ್ಣ ಹಾಕುದು ನಿಷೇಧ ಆಯ್ತು, ಜೂನಲ್ಲಿ ಕಬಾಬಿಗೂ. ನಮ್ಮ ಕಬಾಬಿನ ಕೆಂಪು ಆ ತಿಂಗಳೇ ಹೋಯ್ತು, ಈಗ ಬ್ಯಾಡಗಿ ಮೆಣಸಿನ ಬಣ್ಣ ಎಷ್ಟು ಬರ್ತದೋ ಅಷ್ಟೇ. ಕೆಲವು ಗಿರಾಕಿಗಳು "ಎಂತ ಅಕ್ಕ ಕಬಾಬ್ ಬೆಳ್ಳಗೆ ಉಂಟು" ಅಂತ ಕೇಳಿದ್ರು, ಹೇಳಿದ್ಮೇಲೆ ಯಾರೂ ಬೇಡ ಅನ್ಲಿಲ್ಲ. ಹೊರ ರಾಜ್ಯದ ಟ್ರೈನರ್ ಹತ್ರ ಕೂತ್ರೆ ಇಂಥ ನಮ್ಮ ರಾಜ್ಯದ ಆದೇಶ ನಿಮಗೆ ಸಿಗುದಿಲ್ಲ, ಇದು ನಾನು ಒತ್ತಿ ಹೇಳ್ತೇನೆ. ಇನ್ನು 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದ್ಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸಬಾರದು ಅಂತ ಬಂತಲ್ಲ, ಅದು ನಮ್ಮ ಕ್ಲಾಸು ಮುಗಿದ್ಮೇಲೆ ಬಂದದ್ದು, ನಾವು ಪೇಪರಲ್ಲೇ ಓದಿದ್ದು. ಹಾಗಾಗಿ ಒಮ್ಮೆ ಮಾಡಿ ಎರಡು ವರ್ಷ ನಿದ್ದೆ ಮಾಡುವ ಹಾಗಿಲ್ಲ.

ಪರೀಕ್ಷೆ ಈ ಸಲ ಸಮಾ ನಡೀತು. ದೊಡ್ಡಕ್ಕನಿಗೆ ಓದ್ಲಿಕ್ಕೆ ನಿಧಾನ, ಮೇಡಂ ಪ್ರಶ್ನೆ ಜೋರಾಗಿ ಓದಿ ಹೇಳಿದ್ರು, ಉತ್ತರ ಹೇಳಿ ಕೊಡ್ಲಿಲ್ಲ. ಅಕ್ಕ ಒಂದು ತಪ್ಪು ಮಾಡಿದ್ರು, ಪಾಸ್. ಕೆಲವು ದಿನ ಬಿಟ್ಟು ಸರ್ಟಿಫಿಕೇಟ್ ಬಂತು, ಕಲರ್ ಪ್ರಿಂಟ್ ತೆಗೆದು ಕೊಟ್ಟೆ, ಮನೆಗೆ ತಗೊಂಡು ಹೋಗಿ ಮೊಮ್ಮಗಳಿಗೆ ತೋರಿಸಿದ್ರಂತೆ.

ಕೊರತೆಯೂ ಉಂಟು. ನಾಲ್ಕು ಗಂಟೆ ಒಟ್ಟಿಗೆ ಕೂರುದು ಬೆಳಿಗ್ಗೆ ಐದಕ್ಕೆ ಎದ್ದವ್ರಿಗೆ ಬಹಳ ಕಷ್ಟ, ಮೂರನೇ ಗಂಟೆಗೆ ಸಪ್ಲಾಯ್‌ನ ಇಬ್ರು ತೂಕಡಿಸಿದ್ರು, ಎರಡು ದಿನಕ್ಕೆ ಎರಡೆರಡು ಗಂಟೆ ಮಾಡಿದ್ರೆ ಎಷ್ಟು ಒಳ್ಳೇದು. ಅಲರ್ಜಿ ವಿಷಯ ಹತ್ತು ನಿಮಿಷದಲ್ಲಿ ಮುಗಿಸಿದ್ರು, ಮೀನಿನ ಹೋಟೆಲಿಗೆ ಅದು ಸಾಲದು. ಸಿಗಡಿ ಆಗದವ್ರು ನಮ್ಮಲ್ಲಿಗೂ ಬರ್ತಾರೆ, ಅದೇ ತವಾ ಅದೇ ಎಣ್ಣೆ, ಅವ್ರಿಗೆ ಎಂತ ಹೇಳ್ಬೇಕು ಅಂತ ಸಪ್ಲಾಯ್ ಹುಡುಗನಿಗೆ ಗೊತ್ತಿರ್ಬೇಕಲ್ಲ. ಮತ್ತೆ ದೊಡ್ಡ ಕೊರತೆ, ಪಾತ್ರೆ ತೊಳೆಯುವ ನಮ್ಮ ಒಡಿಶಾದ ಹುಡುಗ್ರಿಗೆ ಕನ್ನಡ ಕ್ಲಾಸು ಅರ್ಧವೂ ತಲೆಗೆ ಹೋಗ್ಲಿಕ್ಕಿಲ್ಲ ಅಂತ ಕೂರಿಸಿರ್ಲಿಲ್ಲ. ಮೊದಲನೇ ಏಜೆನ್ಸಿಯ ಹಿಂದಿ ಕ್ಲಾಸಿಗೆ ಅವ್ರನ್ನ ಕೂರಿಸಿದ್ರೆ ಅವ್ರಿಗಾದ್ರೂ ಆಗ್ತಿತ್ತು. ಮಂಗಳೂರಲ್ಲಿ ಈಗ ಯಾವ ಹೋಟೆಲಿಗೆ ಹೋದ್ರೂ ಸಿಂಕಿನ ಎದುರು ಹೊರಗಿನ ಹುಡುಗ್ರೇ, ಅವ್ರ ಭಾಷೆಯ ಕ್ಲಾಸು ಅವ್ರಿಗೆ ಬೇರೆಯೇ ಬೇಕು.

ಆದ್ರಿಂದ ತಗೊಳ್ಳುದಾ ಅಂತ ಕೇಳಿದ್ರೆ ಖಂಡಿತ ತಗೊಳ್ಳಿ. ದುಡ್ಡು ಕಟ್ಟುವ ಮೊದ್ಲು ಟ್ರೈನರ್ ಹತ್ರವೇ ಫೋನಲ್ಲಿ ಮಾತಾಡಿ, ಏಜೆನ್ಸಿಯ ಆಫೀಸಿನವ್ರ ಹತ್ರ ಅಲ್ಲ. ಎರಡು ನಿಮಿಷ ಕನ್ನಡದಲ್ಲಿ ಮಾತಾಡಿದ್ರೆ ಗೊತ್ತಾಗ್ತದೆ. ಒಂದು ಬ್ಯಾಚಲ್ಲಿ ಎಷ್ಟು ಜನ ಅಂತ ಕೇಳಿ, ಪ್ರಶ್ನೆ ಕೇಳ್ಲಿಕ್ಕೆ ಬಿಡ್ತಾರಾ ಕೇಳಿ. ಮತ್ತೆ ಧಣಿ ಒಬ್ಬ ಮಾತ್ರ ಕೂತು ಸರ್ಟಿಫಿಕೇಟ್ ತಗೊಂಡು ಎಂತ ಪ್ರಯೋಜನ ಇಲ್ಲ, ಸೌಟು ಹಿಡಿಯುವವ್ರನ್ನ ಕೂರಿಸಿ. ಆ ದಿನದ ಸಂಬಳ ಕೊಟ್ಟು ಕೂರಿಸಿ, ರಜೆ ದಿನ ಕರೀಬೇಡಿ.

ಬ್ಯಾಂಕಿನವ್ರು ಈಗಲೂ ಬರ್ತಾರೆ. ಕ್ಲಾಸು ಆದ ಮೇಲೆ ನಾನೇ ಅವ್ರಿಗೆ ಹೇಳಿದೆ, ಆ ದಿನ ಆದದ್ದು ನಿಮ್ಮ ಮೈಯ ದೋಷ ಅಲ್ಲ, ನಮ್ಮ ಐಸಿನ ದೋಷ ಅಂತ. ಅಷ್ಟು ದಿನ ಅವ್ರು ಅಲರ್ಜಿ ಅಂತ ಎಣಿಸಿ ಬಂಗುಡೆ ಬಿಟ್ಟು ಬರೀ ಕಾಣೆ ಫ್ರೈ ತಗೊಳ್ತಾ ಇದ್ರು. ಡಾಕ್ಟ್ರ ಹತ್ರ ಇನ್ನೊಮ್ಮೆ ಕೇಳಿ, ಅವ್ರು ತಿನ್ನಬಹುದು ಅಂದ್ಮೇಲೆ ಶುರು ಮಾಡಿದ್ರು. ಬಂದಾಗೆಲ್ಲ ದೊಡ್ಡಕ್ಕ ಒಳಗಿಂದ ಬಗ್ಗಿ ನೋಡಿ, ಅವ್ರ ತಟ್ಟೆಗೆ ಹೋಗುವ ಮೀನು ತಾನೇ ಆರಿಸಿ ಕೊಡ್ತಾರೆ.

ನಮ್ಮ ಎರಡನೇ ಬ್ಯಾಚಿನ ಸರ್ಟಿಫಿಕೇಟ್ 2026ರ ಜುಲೈವರೆಗೆ. ಪುನಃ ಆ ಮೇಡಂ ಹತ್ರವೇ ಕೂರುದು ಅಂತ ಉಂಟು, ಒಡಿಶಾದ ಹುಡುಗ್ರಿಗೆ ಹಿಂದಿಯಲ್ಲಿ ಸಣ್ಣ ಬ್ಯಾಚು ಮಾಡುವವ್ರು ಸಿಗ್ತಾರಾ ಅಂತ ಹುಡುಕ್ತಾ ಇದ್ದೇನೆ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.